ಮೂರು ವರ್ಷ ಯಾವ ದಿನದಿಂದ ಎಣಿಸಬೇಕು? ಒಂದು ಹಿಟ್ ಅಂಡ್ ರನ್ ಕೇಸಿನ ಕಥೆ

“ಸಾರ್, ಮೂರು ವರ್ಷ ಆಗೋಯ್ತಂತೆ. ಇನ್ನೇನೂ ಮಾಡಕ್ಕಾಗಲ್ವಂತೆ.”

2022ರ ಜೂನ್‌ನಲ್ಲಿ ನನ್ನ ವಕೀಲಿ ಆಫೀಸಿಗೆ ಬಂದ ಹೆಣ್ಣುಮಗಳು ಕೂರುವ ಮೊದಲೇ ಹೇಳಿದ ಮಾತಿದು. ಜೊತೆಗೆ ಅವರ ತಮ್ಮ ಬಂದಿದ್ದರು. ಗಂಡನಿಗೆ ಗುದ್ದಿ ನಿಲ್ಲಿಸದೆ ಓಡಿಹೋದ ಗಾಡಿ ಯಾರದ್ದು, ಓಡಿಸುತ್ತಿದ್ದವನು ಯಾರು ಅಂತ ಮೂರೂವರೆ ವರ್ಷದ ಮೇಲೆ ಅವರಿಗೆ ಗೊತ್ತಾಗಿತ್ತು. ಸ್ಟೇಷನ್ನಿಗೆ ಹೋದರೆ ಟೈಮ್ ಮುಗಿದಿದೆ ಅಂತ ವಾಪಸ್ ಕಳಿಸಿದ್ದರು.

ಈ ಮಾತನ್ನು ನಂಬಿ ಮನೆಗೆ ಹೋಗಿ ಸುಮ್ಮನಾದ ಕುಟುಂಬಗಳು ಎಷ್ಟಿವೆಯೋ. ಅದಕ್ಕೇ ಈ ಕೇಸನ್ನು ಪೂರ್ತಿ ಬರೆಯುತ್ತಿದ್ದೇನೆ. ಕುಟುಂಬದವರ ಒಪ್ಪಿಗೆ ಇದೆ. ಹೆಸರು, ಊರು ಬಿಟ್ಟಿದ್ದೇನೆ, ಗುರುತು ಹತ್ತುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಹಳೇ ಮೈಸೂರು ಕಡೆಯ ಒಂದು ತಾಲೂಕು ಅಂದುಕೊಳ್ಳಿ ಸಾಕು.

ಆವತ್ತು ಬೆಳಿಗ್ಗೆ

2018ರ ನವೆಂಬರ್. ಬೆಳಿಗ್ಗೆ ಐದೂಕಾಲು ಗಂಟೆ, ಮಂಜು ಜೋರಾಗಿತ್ತು. ನಲವತ್ತಾರು ವರ್ಷದ ಒಬ್ಬ ರೈತರು ತಮ್ಮ ಮನೆಯ ಹಾಲಿನ ಜೊತೆ ಅಕ್ಕಪಕ್ಕದ ಎರಡು ಮನೆಯ ಹಾಲನ್ನೂ ತುಂಬಿಕೊಂಡು ಟಿವಿಎಸ್ ಎಕ್ಸೆಲ್‌ನಲ್ಲಿ ಡೇರಿಗೆ ಹೊರಟಿದ್ದರು. ಎರಡು ಅಲ್ಯೂಮಿನಿಯಂ ಕ್ಯಾನು, ಆ ಕಡೆ ಒಂದು ಈ ಕಡೆ ಒಂದು. ರಾಜ್ಯ ಹೆದ್ದಾರಿಗೆ ಹತ್ತಿ ಅರ್ಧ ಕಿಲೋಮೀಟರ್ ಹೋಗಿರಬಹುದು, ಹಿಂದಿನಿಂದ ಗಾಡಿ ಗುದ್ದಿದೆ. ಗಾಡಿ ನಿಲ್ಲಲಿಲ್ಲ. ಹೂವು ತರಲು ಮಾರ್ಕೆಟ್ಟಿಗೆ ಹೊರಟಿದ್ದ ಆಟೋದವರು ಇಪ್ಪತ್ತು ನಿಮಿಷದ ಮೇಲೆ ನೋಡಿದಾಗ ರಸ್ತೆ ತುಂಬ ಹಾಲು ಹರಿದಿತ್ತು. ಜೀವ ಇನ್ನೂ ಇತ್ತು. ತಾಲೂಕು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹೋಯಿತು.

ಆ ಇಪ್ಪತ್ತು ನಿಮಿಷವನ್ನು ನಾನು ಇವತ್ತಿಗೂ ಮರೆತಿಲ್ಲ. ಗುದ್ದಿದವನು ನಿಲ್ಲಿಸಿ ಆಸ್ಪತ್ರೆಗೆ ಸೇರಿಸಿದ್ದರೆ ಉಳಿಯುತ್ತಿದ್ದರೋ ಏನೋ.

ಎಫ್‌ಐಆರ್ ಆವತ್ತೇ ಆಯಿತು. ಗುರುತು ಸಿಗದ ವಾಹನದ ಮೇಲೆ, ಐಪಿಸಿ 279 (ಅಜಾಗರೂಕ ಚಾಲನೆ) ಮತ್ತು 304ಎ (ನಿರ್ಲಕ್ಷ್ಯದಿಂದ ಸಾವು), ಜೊತೆಗೆ ಮೋಟಾರು ವಾಹನ ಕಾಯ್ದೆಯ 134 ಮತ್ತು 187, ಅಂದರೆ ಗುದ್ದಿದ ಮೇಲೆ ನೆರವು ಕೊಡದೆ, ಪೊಲೀಸರಿಗೆ ಹೇಳದೆ ಹೋದದ್ದಕ್ಕೆ. ಸ್ಥಳ ಮಹಜರಿನಲ್ಲಿ ಹೆಡ್‌ಲೈಟಿನ ಗಾಜಿನ ಚೂರು, ಬಂಪರಿನ ಒಂದು ತುಂಡು ಜಪ್ತಿ ಮಾಡಿದರು. ಎಕ್ಸೆಲ್ ಗಾಡಿಯನ್ನೂ ತಗೊಂಡು ಹೋದರು. ಹಾಲಿನ ಕ್ಯಾನುಗಳನ್ನು ಮಾತ್ರ ಯಾರೂ ಕೇಳಲಿಲ್ಲ. ಊರಿನ ಹುಡುಗರು ಎತ್ತಿಕೊಂಡು ಬಂದು ಮನೆ ಜಗುಲಿಯ ಮೇಲಿಟ್ಟು ಹೋದರು.

ಅಲ್ಲಿಂದ ಎರಡು ಕಿಲೋಮೀಟರ್ ಮುಂದೆ ಒಂದು ಪೆಟ್ರೋಲ್ ಬಂಕ್ ಇದೆ, ಅಲ್ಲಿ ಕ್ಯಾಮೆರಾ ಇತ್ತು. ಹದಿನೈದು ದಿನಕ್ಕೆ ಹಳೆಯದು ಅಳಿಸಿಹೋಗುವ ಕ್ಯಾಮೆರಾ. ತನಿಖೆಯವರು ಅಲ್ಲಿಗೆ ಹೋದದ್ದು ಒಂದೂವರೆ ತಿಂಗಳ ಮೇಲೆ.

2019ರ ಆಗಸ್ಟ್‌ನಲ್ಲಿ ‘ಸಿ’ ರಿಪೋರ್ಟ್ ಹೋಯಿತು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ನಮ್ಮಲ್ಲಿ ‘ಬಿ’ ರಿಪೋರ್ಟ್ ಅಂದರೆ ದೂರಿನಲ್ಲಿ ಹುರುಳಿಲ್ಲ ಅಂತ, ‘ಸಿ’ ರಿಪೋರ್ಟ್ ಅಂದರೆ ಘಟನೆ ನಿಜ, ಆದರೆ ಮಾಡಿದವರು ಸಿಕ್ಕಿಲ್ಲ ಅಂತ. ಆ ಹೆಂಗಸು ಯಾವುದೋ ಕಾಗದಕ್ಕೆ ಸಹಿ ಹಾಕಿದ್ದು ನೆನಪಿದೆ ಅಂದರು. ಏನು ಬರೆದಿತ್ತು ಅಂತ ಯಾರೂ ಓದಿ ಹೇಳಿರಲಿಲ್ಲ. ತಹಶೀಲ್ದಾರ್ ಆಫೀಸಿನ ಮೂಲಕ ಹಿಟ್ ಅಂಡ್ ರನ್ ಪರಿಹಾರ ಅಂತ ಇಪ್ಪತ್ತೈದು ಸಾವಿರ ರೂಪಾಯಿ ಬಂತು. ಆಗ ಸಾವಿಗೆ ಇದ್ದದ್ದೇ ಅಷ್ಟು. 2022ರ ಏಪ್ರಿಲ್ 1ರಿಂದ ಅದು ಎರಡು ಲಕ್ಷ ಆಗಿದೆ.

ಹೆಸರು ಗೊತ್ತಾದ ದಿನ

ಪಕ್ಕದ ತಾಲೂಕಿನ ಒಂದು ಕ್ಯಾಂಟರ್‌ನಲ್ಲಿ ಕ್ಲೀನರ್ ಆಗಿದ್ದ ಹುಡುಗನಿಗೂ ಓನರಿಗೂ ಸಂಬಳದ ವಿಚಾರಕ್ಕೆ ಜಗಳ ಆಗಿ ಅವನು ಕೆಲಸ ಬಿಟ್ಟಿದ್ದ. ಒಂದು ದಿನ ಟೀ ಅಂಗಡಿಯಲ್ಲಿ ಬಾಯಿಬಿಟ್ಟ. ಹಾಲಿನವರಿಗೆ ಗುದ್ದಿದ್ದು ನಮ್ಮ ಗಾಡಿಯೇ, ಡ್ರೈವರ್ ಇಂಥವನು, ನಿಲ್ಲಿಸಣ್ಣಾ ಅಂದರೂ ನಿಲ್ಲಿಸಲಿಲ್ಲ ಅಂತ. ಆ ಮಾತು ಎರಡು ದಿನದಲ್ಲಿ ಈ ಹೆಂಗಸಿನ ತಮ್ಮನ ಕಿವಿಗೆ ಬಿತ್ತು. ಅವರು ನೇರವಾಗಿ ಆ ಹುಡುಗನ ಮನೆಗೇ ಹೋಗಿ ಕೇಳಿದರು. ಹುಡುಗ ಅಳುತ್ತಾ ಎಲ್ಲ ಹೇಳಿದನಂತೆ.

ಇಲ್ಲಿ ಕಾನೂನು ಏನು ಹೇಳುತ್ತದೆ ಅಂತ ಸ್ವಲ್ಪ ನೋಡಬೇಕು. ಆಗ ಜಾರಿಯಲ್ಲಿದ್ದ ಸಿಆರ್‌ಪಿಸಿಯ (ಕ್ರಿಮಿನಲ್ ಕೇಸು ನಡೆಸುವ ಕ್ರಮದ ಕಾನೂನು) ಕಲಂ 468ರಲ್ಲಿ, ಕೇಸನ್ನು ಕೋರ್ಟಿಗೆ ತರಲು ಕಾಲಮಿತಿ ಇತ್ತು. ಬರೀ ದಂಡದ ಅಪರಾಧಕ್ಕೆ ಆರು ತಿಂಗಳು. ಒಂದು ವರ್ಷದವರೆಗಿನ ಶಿಕ್ಷೆಯದ್ದಕ್ಕೆ ಒಂದು ವರ್ಷ. ಒಂದರಿಂದ ಮೂರು ವರ್ಷದವರೆಗಿನ ಶಿಕ್ಷೆಯದ್ದಕ್ಕೆ ಮೂರು ವರ್ಷ. 304ಎಗೆ ಗರಿಷ್ಠ ಶಿಕ್ಷೆ ಎರಡು ವರ್ಷ, ಹಾಗಾಗಿ ಕಾಲಮಿತಿ ಮೂರು ವರ್ಷ. ಸ್ಟೇಷನ್ನಿನವರು ಹೇಳಿದ್ದು ಇಷ್ಟನ್ನೇ.

ಅವರು ಮುಂದಿನ ಕಲಂ ಓದಿರಲಿಲ್ಲ. 469ರಲ್ಲಿ ಈ ಮೂರು ವರ್ಷ ಯಾವತ್ತಿಂದ ಶುರು ಅಂತ ಇದೆ. ಸಾಮಾನ್ಯವಾಗಿ ಅಪರಾಧ ನಡೆದ ದಿನದಿಂದ. ಆದರೆ ಮಾಡಿದವರು ಯಾರು ಅಂತ ಗೊತ್ತಿಲ್ಲದಿದ್ದರೆ, ನೊಂದವರಿಗೋ ತನಿಖೆ ಮಾಡುವ ಪೊಲೀಸರಿಗೋ, ಯಾರಿಗೆ ಮೊದಲು ಗೊತ್ತಾಯಿತೋ ಆ ದಿನದಿಂದ. ಹಿಟ್ ಅಂಡ್ ರನ್‌ಗೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ? ಓಡಿಹೋಗಿ ಮುಚ್ಚಿಟ್ಟುಕೊಂಡು ಕೂತವನಿಗೆ ದಿನ ಕಳೆದಷ್ಟೂ ಲಾಭ ಆಗಬಾರದು ಅಂತಲೇ ಅದು ಇರುವುದು.

ನಾವು ತಗೊಂಡ ಮೊದಲ ನಿರ್ಧಾರ ಇದರ ಮೇಲೇ. ಗೊತ್ತಾದ ದಿನ ಕಾಗದದ ಮೇಲೆ ಬರಬೇಕು. ತಮ್ಮನವರು ಸ್ಟೇಷನ್ನಿಗೆ ಹೋಗಿ ಬಾಯಲ್ಲಿ ಹೇಳಿ ಬಂದಿದ್ದರು, ಎಲ್ಲೂ ದಾಖಲೆ ಇರಲಿಲ್ಲ. ಆವತ್ತು ಸಂಜೆಯೊಳಗೆ ಅರ್ಜಿ ಬರೆಸಿದೆವು. ಹುಡುಗ ಹೇಳಿದ ದಿನ, ಜಾಗ, ಏನು ಹೇಳಿದ, ಆಮೇಲೆ ಸ್ಟೇಷನ್ನಿಗೆ ಯಾವತ್ತು ಹೋದರು, ಎಲ್ಲ. ಒಂದು ಪ್ರತಿಗೆ ಸ್ಟೇಷನ್ನಿನ ಸೀಲು, ಇನ್ನೊಂದು ಪ್ರತಿ ಎಸ್‌ಪಿ ಆಫೀಸಿಗೆ ರಿಜಿಸ್ಟರ್ ಪೋಸ್ಟ್. ‘ಸಿ’ ರಿಪೋರ್ಟ್ ಆದ ಮಾತ್ರಕ್ಕೆ ಕೇಸು ಸತ್ತುಹೋಗುವುದಿಲ್ಲ, 173(8)ರ ಅಡಿ ಮುಂದುವರಿದ ತನಿಖೆ ಮಾಡಬಹುದು ಅಂತಲೂ ಅದರಲ್ಲೇ ಬರೆದೆವು. ಮೂರು ವಾರದಲ್ಲಿ ಎಸ್‌ಪಿ ಆಫೀಸಿನಿಂದ ಆದೇಶ ಬಂತು. ಹೊಸದಾಗಿ ಬಂದಿದ್ದ ಸಬ್ ಇನ್ಸ್‌ಪೆಕ್ಟರ್ ಒಳ್ಳೆಯ ಮನುಷ್ಯ, ಮನಸ್ಸಿಟ್ಟು ಮಾಡಿದರು.

ಸಿಕ್ಕಿದ್ದು, ಸಿಗದೇ ಹೋದದ್ದು

ಕ್ಲೀನರ್ ಹುಡುಗನಿಂದ ಮ್ಯಾಜಿಸ್ಟ್ರೇಟ್ ಮುಂದೆ 164 ಹೇಳಿಕೆ ಕೊಡಿಸಿದರು. ಓನರಿಗೆ ಮೋಟಾರು ವಾಹನ ಕಾಯ್ದೆ 133ರ ನೋಟಿಸ್ ಕೊಟ್ಟರು. ಆ ದಿನ ಗಾಡಿ ಯಾರ ಕೈಯಲ್ಲಿತ್ತು ಅಂತ ಹೇಳುವುದು ಓನರ್ ಕರ್ತವ್ಯ, ಅವರು ಡ್ರೈವರ್ ಹೆಸರು ಬರೆದುಕೊಟ್ಟರು. ಎಲ್ಲಕ್ಕಿಂತ ಆಶ್ಚರ್ಯ ಅಂದರೆ ಗ್ಯಾರೇಜು. ಘಟನೆ ನಡೆದು ಮೂರನೇ ದಿನಕ್ಕೆ ಆ ಕ್ಯಾಂಟರಿಗೆ ಎಡಗಡೆ ಹೆಡ್‌ಲೈಟ್ ಹಾಕಿ, ಬಂಪರ್ ಬದಲಿಸಿ, ಟಚಪ್ ಮಾಡಿದ್ದನ್ನು ಮೇಸ್ತ್ರಿ ಉದ್ದನೆಯ ನೋಟ್‌ಬುಕ್ಕಿನಲ್ಲಿ ಗಾಡಿ ನಂಬರ್ ಸಮೇತ ಬರೆದಿದ್ದರು. ಇನ್ನೂರೈವತ್ತು ರೂಪಾಯಿ ಬಾಕಿ ಇತ್ತು ಅಂತ ಆ ಪುಟ ಹರಿಯದೆ ಇಟ್ಟಿದ್ದರು.

ಈಗ ಗಾಜಿನ ಚೂರು, ಬಂಪರ್ ತುಂಡು ತೆಗೆಸಿ ಹೋಲಿಸಿ ನೋಡೋಣ ಅಂತ ಹೋದರೆ ಅವು ಇಲ್ಲ. ಕಳೆದುಹೋಗಿರಲಿಲ್ಲ. ‘ಸಿ’ ರಿಪೋರ್ಟಿನ ಕೊನೆಯ ಸಾಲಿನಲ್ಲಿ “ಮುದ್ದೆಮಾಲು ಬೆಲೆಯಿಲ್ಲದ್ದು, ನಾಶಪಡಿಸುವುದು” ಅಂತ ಇತ್ತು. ಮುದ್ದೆಮಾಲು ಅಂದರೆ ಕೇಸಿನಲ್ಲಿ ಜಪ್ತಿ ಮಾಡಿದ ವಸ್ತು. ಅದರಂತೆ ನಾಶ ಮಾಡಿದ್ದರು. ಯಾರ ಮೇಲೂ ತಪ್ಪು ಹೊರಿಸುವ ಹಾಗಿಲ್ಲ, ಎಲ್ಲ ಕ್ರಮಬದ್ಧ.

ನನಗೆ ಈ ಕೇಸು ಅರ್ಥ ಆಗಿದ್ದು ಆ ಸಾಲು ಓದಿದಾಗ. 469 ಇದ್ದದ್ದರಿಂದ 2022ರ ಜೂನ್‌ವರೆಗೆ ಕೇಸಿನ ಕಾಲಮಿತಿ ಶುರುವೇ ಆಗಿರಲಿಲ್ಲ. ಆದರೆ ಕೇಸು ಗೆಲ್ಲಿಸಬಹುದಾಗಿದ್ದ ವಸ್ತುವನ್ನು ವರ್ಷದೊಳಗೆ ಬೆಲೆಯಿಲ್ಲದ್ದು ಅಂತ ಸುಟ್ಟುಹಾಕಿದ್ದರು.

ಇದನ್ನು ಹೇಳಿದಾಗ ಆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. “ಕ್ಯಾನು ಬೇಕಾಯ್ತದಾ ಸಾರ್?”

ಅಟ್ಟದ ಮೇಲೆ ಯೂರಿಯಾ ಚೀಲದಲ್ಲಿ ಸುತ್ತಿ ಇಟ್ಟಿದ್ದರು. ಒಂದು ಕ್ಯಾನನ್ನು ಬಡಿಸಿ ನೇರ ಮಾಡಿಸಿ ಬಳಸುತ್ತಿದ್ದರು. ಜಾಸ್ತಿ ನುಗ್ಗಾಗಿದ್ದ ಇನ್ನೊಂದನ್ನು ತೊಳೆಯಲೂ ಮನಸ್ಸು ಬಂದಿರಲಿಲ್ಲ. ಒಳಗೆ ಹಾಲು ಒಣಗಿ ಹಳದಿ ಚಕ್ಕೆಯಾಗಿ ಅಂಟಿತ್ತು. ಹೊರಗೆ, ನುಗ್ಗಾದ ಜಾಗದ ಅಂಚಿನಲ್ಲಿ, ಎರಡು ಬೆರಳಗಲ ನೀಲಿ ಬಣ್ಣ ಉಜ್ಜಿಕೊಂಡಿತ್ತು. ಕ್ಯಾಂಟರ್ ನೀಲಿ.

ಪೊಲೀಸರು ಪಂಚರ ಮುಂದೆ ಜಪ್ತಿ ಮಾಡಿ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯ) ಕಳಿಸಿದರು. ಗಾಡಿಯ ಚಾಸಿಸ್ ಹತ್ತಿರ ಹಳೇ ಬಣ್ಣ ಉಳಿದಿತ್ತು, ಅದರ ಮಾದರಿಯನ್ನೂ ಕಳಿಸಿದರು. ಎರಡೂ ಒಂದೇ ಥರದ ಬಣ್ಣ ಅಂತ ವರದಿ ಬಂತು. 2022ರ ಡಿಸೆಂಬರ್‌ನಲ್ಲಿ ಚಾರ್ಜ್‌ಶೀಟ್ ಆಯಿತು, ಸತ್ತು ನಾಲ್ಕು ವರ್ಷ ಒಂದು ತಿಂಗಳಿಗೆ.

ಚಾರ್ಜ್‌ಶೀಟ್ ಜೊತೆ ಇನ್ನೊಂದು ಕೆಲಸ ಮಾಡಿಸಿದೆವು. ಕಲಂ 473ರ ಅಡಿ ಒಂದು ಅರ್ಜಿ. ಒಂದು ವೇಳೆ ತಡ ಆಗಿದೆ ಅಂತ ಕೋರ್ಟಿಗೆ ಅನಿಸಿದರೂ, ಕಾರಣ ಸರಿಯಿದ್ದರೆ ಅಥವಾ ನ್ಯಾಯಕ್ಕೆ ಬೇಕಿದ್ದರೆ ಆ ತಡವನ್ನು ಮನ್ನಿಸಬಹುದು ಅಂತ ಅಲ್ಲಿದೆ. ತಡ ಆಗಿಯೇ ಇಲ್ಲ ಅಂದಮೇಲೆ ಇದು ಯಾಕೆ ಅಂತ ತನಿಖಾಧಿಕಾರಿ ಕೇಳಿದರು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಇರಲಿ ಅಂತ ಎಪಿಪಿಯವರೇ (ಸರ್ಕಾರಿ ವಕೀಲರು) ಅವರನ್ನು ಒಪ್ಪಿಸಿದರು.

ಕೋರ್ಟಿನಲ್ಲಿ

ಪ್ಲೀ ರೆಕಾರ್ಡ್ (ತಪ್ಪು ಒಪ್ಪುತ್ತೀಯಾ ಅಂತ ಆರೋಪಿಯನ್ನು ಕೋರ್ಟು ಕೇಳುವುದು) ಆಗುವ ಮೊದಲೇ ಡ್ರೈವರ್ ಪರ ವಕೀಲರು ಅರ್ಜಿ ಹಾಕಿದರು, ಕೇಸು ಕಾಲಮಿತಿ ಮೀರಿದೆ ಅಂತ. ಅವರ ವಾದ ಬರೀ ತಾರೀಕಿನ ಲೆಕ್ಕ ಆಗಿರಲಿಲ್ಲ, ಗಟ್ಟಿ ವಾದವೇ. ಎಫ್‌ಐಆರ್ ಆದ ಎರಡು ತಿಂಗಳಿಗೆ, 2019ರ ಜನವರಿಯಲ್ಲಿ, ತಮ್ಮನವರು ಕೊಟ್ಟ ಮರುಹೇಳಿಕೆಯಲ್ಲಿ ಒಂದು ಸಾಲಿತ್ತು. “ಪಕ್ಕದ ತಾಲೂಕಿನ ಯಾವುದೋ ನೀಲಿ ಕ್ಯಾಂಟರ್ ಅಂತ ಜನ ಮಾತಾಡುತ್ತಾರೆ.” ಹಾಗಾದರೆ ಇವರಿಗೆ ಆಗಲೇ ಗೊತ್ತಿತ್ತು, 2022ರ ಜನವರಿಗೇ ಮೂರು ವರ್ಷ ಮುಗಿಯಿತು ಅಂದರು.

ಆ ಸಾಲು ನಮ್ಮ ನಿದ್ದೆ ಕೆಡಿಸಿತ್ತು. ನಮ್ಮ ಉತ್ತರ ಸರಳ: 469 ಕೇಳುವುದು ಅಪರಾಧಿಯ ಗುರುತು ಗೊತ್ತಾಯಿತಾ ಅಂತ. ಗಾಡಿಯ ಬಣ್ಣ ಮನುಷ್ಯನ ಗುರುತಲ್ಲ. ಜನರ ಮಾತು ಕೇಳಿದ್ದೇ ತಿಳುವಳಿಕೆ ಆಗುವುದಾದರೆ, ಆ ಮಾತಿನ ಮೇಲೆ ಪೊಲೀಸರೇ ವಿಚಾರಿಸಿ ಏನೂ ಸಿಗಲಿಲ್ಲ ಅಂತ ‘ಸಿ’ ರಿಪೋರ್ಟ್ ಹಾಕಿದ್ದು ಯಾಕೆ? ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2013ರ ನವೆಂಬರ್‌ನಲ್ಲಿ ಸಾರಾ ಮ್ಯಾಥ್ಯೂ ಕೇಸಿನಲ್ಲಿ ಹೇಳಿದ್ದನ್ನೂ ತೋರಿಸಿದೆವು. ಕಾಲಮಿತಿ ಎಣಿಸುವಾಗ ನೋಡಬೇಕಾದದ್ದು ದೂರು ಕೊಟ್ಟ ಅಥವಾ ಪ್ರಾಸಿಕ್ಯೂಷನ್ ಶುರುವಾದ ದಿನವನ್ನು, ಕೋರ್ಟು ಅದನ್ನು ಕೈಗೆತ್ತಿಕೊಂಡ ದಿನವನ್ನಲ್ಲ ಅಂತ ಆ ತೀರ್ಪು ಹೇಳುತ್ತದೆ. ಪೊಲೀಸ್ ಕೇಸಿನಲ್ಲಿ ಪ್ರಾಸಿಕ್ಯೂಷನ್ ಶುರುವಾಗುವುದು ಎಫ್‌ಐಆರ್‌ನಿಂದಲೋ ಚಾರ್ಜ್‌ಶೀಟಿನಿಂದಲೋ ಅಂತ ಎರಡೂ ಕಡೆ ಎಳೆದಾಡಿದೆವು.

ಮ್ಯಾಜಿಸ್ಟ್ರೇಟ್ ಅಷ್ಟು ದೂರ ಹೋಗಲಿಲ್ಲ. ಗುರುತು ಗೊತ್ತಾದದ್ದು 2022ರ ಜೂನ್‌ನಲ್ಲಿ, ಸೀಲು ಬಿದ್ದ ಅರ್ಜಿಯೇ ಅದಕ್ಕೆ ಸಾಕ್ಷಿ, ಚಾರ್ಜ್‌ಶೀಟ್ ಆರು ತಿಂಗಳಲ್ಲಿ ಬಂದಿದೆ ಅಂತ ಅರ್ಜಿ ವಜಾ ಮಾಡಿದರು. 279ಕ್ಕೆ, 187ಕ್ಕೆ ಶಿಕ್ಷೆ ಕಡಿಮೆ, ಹಾಗಾಗಿ ಕಾಲಮಿತಿಯೂ ಕಡಿಮೆ ಅಂತ ಬಂದ ವಾದವೂ ನಿಲ್ಲಲಿಲ್ಲ. ಒಟ್ಟಿಗೆ ನಡೆಯುವ ಕೇಸಿನಲ್ಲಿ ದೊಡ್ಡ ಅಪರಾಧದ ಕಾಲಮಿತಿಯೇ ಎಲ್ಲಕ್ಕೂ ಅಂತ 468(3) ಹೇಳುತ್ತದೆ. ಆವತ್ತು ಕೋರ್ಟಿನ ಹೊರಗೆ ಆ ಅಮ್ಮ ನನ್ನ ಕೈ ಹಿಡಿದುಕೊಂಡು ಅತ್ತರು. ಗೆದ್ದೆವು ಅಂದುಕೊಂಡರು. ನಾನೂ ಅಂದುಕೊಂಡೆ.

ವಿಚಾರಣೆಯಲ್ಲಿ ಕ್ಲೀನರ್ ಹುಡುಗ ಉಲ್ಟಾ ಹೊಡೆದ. ನಾನು ನಿದ್ದೆ ಮಾಡುತ್ತಿದ್ದೆ, ಏನೂ ನೋಡಿಲ್ಲ ಅಂದ. 164 ಹೇಳಿಕೆ ತೋರಿಸಿದರೆ ಸಹಿ ನನ್ನದೇ, ವಿಷಯ ಗೊತ್ತಿಲ್ಲ ಅಂದ. ಮ್ಯಾಜಿಸ್ಟ್ರೇಟ್ ಮುಂದೆ ಕೊಟ್ಟದ್ದಾದರೂ ಆ ಹೇಳಿಕೆ ತಾನೇ ಸಾಕ್ಷಿ ಆಗುವುದಿಲ್ಲ, ಸಾಕ್ಷಿ ಹೇಳುವವನ ಮಾತಿಗೆ ಬೆಂಬಲವಾಗಿಯೋ ವಿರುದ್ಧವಾಗಿಯೋ ಬಳಸಬಹುದು ಅಷ್ಟೆ. ಗ್ಯಾರೇಜ್ ಮೇಸ್ತ್ರಿ ಮಾತ್ರ ಗಟ್ಟಿಯಾಗಿ ನಿಂತರು. ಕ್ಯಾನಿನ ಬಗ್ಗೆ ಪಾಟೀಸವಾಲಿನಲ್ಲಿ, ಮೂರೂವರೆ ವರ್ಷ ಮನೆಯಲ್ಲಿದ್ದ ವಸ್ತುವಿಗೆ ಯಾರು ಬೇಕಾದರೂ ಬಣ್ಣ ಹಚ್ಚಬಹುದಲ್ಲವಾ ಅಂತ ಕೇಳಿದರು. “ಗಂಡನ ರಕ್ತ ಆಗಿರೋ ಕ್ಯಾನಿಗೆ ನಾನು ಬಣ್ಣ ಹಚ್ತೀನಾ ಸ್ವಾಮಿ?” ಅಂದರು ಆ ತಾಯಿ. ಕೋರ್ಟ್ ಹಾಲ್ ನಿಶ್ಶಬ್ದ ಆಯಿತು. ಆದರೆ ಜಪ್ತಿ ತಡವಾದದ್ದು ತಡವೇ.

2025ರಲ್ಲಿ ತೀರ್ಪು ಬಂತು. ಗುದ್ದಿದ್ದು ಆ ಕ್ಯಾಂಟರೇ, ಓಡಿಸುತ್ತಿದ್ದವನು ಈ ಡ್ರೈವರೇ ಅಂತ ಕೋರ್ಟು ಒಪ್ಪಿತು. ಆದರೆ ಅತಿವೇಗ, ಅಜಾಗರೂಕತೆಯಿಂದ ಓಡಿಸಿದ ಅನ್ನುವುದಕ್ಕೆ ನೋಡಿದವರಿಲ್ಲ, ಕ್ಯಾಮೆರಾ ಇಲ್ಲ, ಮಂಜು ಬೇರೆ ಇತ್ತು. 279, 304ಎ ಎರಡರಲ್ಲೂ ಅನುಮಾನದ ಲಾಭ ಕೊಟ್ಟು ಬಿಡುಗಡೆ. ನಿಲ್ಲಿಸದೆ, ಆಸ್ಪತ್ರೆಗೆ ಸೇರಿಸದೆ, ಪೊಲೀಸರಿಗೆ ಹೇಳದೆ ಹೋದದ್ದಕ್ಕೆ ಮಾತ್ರ ಶಿಕ್ಷೆ. 2018ರಲ್ಲಿ ಆ 187ನೇ ಕಲಂಗೆ ಇದ್ದದ್ದು ಗರಿಷ್ಠ ಮೂರು ತಿಂಗಳು ಅಥವಾ ಐನೂರು ರೂಪಾಯಿ ದಂಡ, ಇಲ್ಲವೇ ಎರಡೂ. ಐನೂರು ರೂಪಾಯಿ ದಂಡ ಹಾಕಿದರು. ಅಲ್ಲೇ ಕಟ್ಟಿ ಹೋದ.

ಮೋಟಾರು ವಾಹನ ಪರಿಹಾರ ನ್ಯಾಯಮಂಡಳಿಯಲ್ಲಿ ಬೇರೆಯೇ ಆಯಿತು. ಅಲ್ಲಿ ಸಂಶಯಕ್ಕೆ ಎಡೆಯಿಲ್ಲದ ಹಾಗೆ ರುಜುವಾತು ಮಾಡಬೇಕಿಲ್ಲ, ಹೀಗೇ ಆಗಿರಬೇಕು ಅಂತ ತೂಕ ಒಂದು ಕಡೆ ವಾಲಿದರೆ ಸಾಕು. 2022ರ ಏಪ್ರಿಲ್‌ನಿಂದ ಕ್ಲೇಮು ಹಾಕಲು ಆರು ತಿಂಗಳ ಮಿತಿ ಬಂದಿದೆ ಅಂತ ವಿಮಾ ಕಂಪನಿ ತಕರಾರು ತೆಗೆಯಿತು. ಅಪಘಾತ ಅದಕ್ಕಿಂತ ಹಳೆಯದು ಅಂತ ಮಂಡಳಿ ಅದನ್ನು ಒಪ್ಪಲಿಲ್ಲ. ಹನ್ನೊಂದು ಲಕ್ಷಕ್ಕೂ ಸ್ವಲ್ಪ ಜಾಸ್ತಿ, ಬಡ್ಡಿ ಸೇರಿ. ಮೊದಲು ಬಂದಿದ್ದ ಇಪ್ಪತ್ತೈದು ಸಾವಿರವನ್ನು ಅದರಲ್ಲಿ ಮುರಿದುಕೊಂಡರು. ಮಗಳ ನರ್ಸಿಂಗ್ ಫೀಸು ಕಟ್ಟಿದ್ದು ಆ ದುಡ್ಡಿನಲ್ಲೇ. ಆ ಆರು ತಿಂಗಳ ಮಿತಿಯ ವಿಚಾರ ಈಗ ಸುಪ್ರೀಂ ಕೋರ್ಟಿಗೆ ಹೋಗಿದೆ. ತಡ ಆಯಿತು ಅಂತ ಕ್ಲೇಮುಗಳನ್ನು ವಜಾ ಮಾಡಬೇಡಿ ಅಂತ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಕೊಟ್ಟಿದೆ.

ಕಾಲಮಿತಿ ಉದ್ದ ಆದರೆ ಸಾಕಾ?

2024ರ ಜುಲೈ 1ರ ನಂತರ ನಡೆದ ಘಟನೆಗಳಿಗೆ ಈ ಮೂರು ವರ್ಷದ ಗಲಾಟೆಯೇ ಇಲ್ಲ. ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(1)ರಲ್ಲಿ ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಶಿಕ್ಷೆ ಇದೆ. ಸಿಆರ್‌ಪಿಸಿ ಬದಲಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 514ರಲ್ಲೂ ಕಾಲಮಿತಿ ಇರುವುದು ಮೂರು ವರ್ಷದವರೆಗಿನ ಶಿಕ್ಷೆಗೆ ಮಾತ್ರ. ಶಿಕ್ಷೆ ಎರಡರಿಂದ ಐದಕ್ಕೆ ಏರಿದ್ದರಿಂದ ಕಾಲಮಿತಿ ತಾನಾಗಿಯೇ ಹೋಯಿತು. ಇದನ್ನು ಎಷ್ಟೋ ಜನ ಗಮನಿಸಿಯೇ ಇಲ್ಲ. ಎಲ್ಲರ ಗಮನ ಇದ್ದದ್ದು 106(2)ರ ಮೇಲೆ, ಹೇಳದೆ ಓಡಿಹೋದರೆ ಹತ್ತು ವರ್ಷ ಅನ್ನುವುದರ ಮೇಲೆ. 2024ರ ಜನವರಿಯಲ್ಲಿ ಲಾರಿ ಚಾಲಕರ ಮುಷ್ಕರ ಆದಮೇಲೆ ಅದೊಂದನ್ನು ತಡೆಹಿಡಿದು ಉಳಿದದ್ದನ್ನು ಜಾರಿ ಮಾಡಿದರು. ಎಫ್‌ಐಆರ್ ದಿನವೋ ಚಾರ್ಜ್‌ಶೀಟ್ ದಿನವೋ ಅನ್ನುವ ನಮ್ಮ ಎಳೆದಾಟಕ್ಕೂ 514ರ ವಿವರಣೆಯಲ್ಲಿ ಉತ್ತರ ಇದೆ: ಮಾಹಿತಿ ದಾಖಲಾದ ದಿನ. ಆದರೆ ಹಳೆಯ ಘಟನೆಗಳಿಗೆ ಐಪಿಸಿಯೇ ಅನ್ವಯ, ಶಿಕ್ಷೆ ಎರಡೇ ವರ್ಷ. ಅಂಥವರು ಈಗಲೂ 469ರ (ಹೊಸ ಸಂಹಿತೆಯಲ್ಲಿ 515ರ) ನಿಯಮವನ್ನೇ ಹಿಡಿಯಬೇಕು.

ಬೇರೆ ಕಡೆಯೂ ಈ ಹೋರಾಟ ನಡೆದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2014ರಿಂದ, ಮೂರು ವರ್ಷದ ನಂತರ ಆರೋಪಿ ಗೊತ್ತಾದರೆ ಗೊತ್ತಾದ ಮೇಲೆ ಒಂದು ವರ್ಷ ಸಿಗುತ್ತದೆ, ಒಟ್ಟು ಆರು ವರ್ಷ ಮೀರುವ ಹಾಗಿಲ್ಲ. ಜಪಾನಿನ ಸೈತಾಮಾ ಪ್ರಾಂತ್ಯದಲ್ಲಿ 2009ರಲ್ಲಿ ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬ ಪುಟ್ಟ ಹುಡುಗನಿಗೆ ಗುದ್ದಿ ಓಡಿಹೋದ ಕೇಸಿಗೆ ಹತ್ತು ವರ್ಷದ ಕಾಲಮಿತಿ ಇತ್ತು. ಅದು ಮುಗಿಯುವ ಕೆಲವೇ ದಿನ ಮೊದಲು ಪೊಲೀಸರು ಇನ್ನೂ ಗಂಭೀರ ಕಲಂಗೆ ಬದಲಿಸಿದ್ದರಿಂದ 2029ರವರೆಗೆ ಸಮಯ ಸಿಕ್ಕಿತು. ಆ ಮಗುವಿನ ತಾಯಿ ಇಂಥ ಕೇಸುಗಳಿಗೆ ಕಾಲಮಿತಿಯೇ ಬೇಡ ಅಂತ ಸಹಿ ಸಂಗ್ರಹಿಸಿ ಸರ್ಕಾರಕ್ಕೆ ಕೊಟ್ಟರು. ಅಲ್ಲೂ ಮಗು ಕಟ್ಟಿಕೊಂಡಿದ್ದ ಗಡಿಯಾರವನ್ನು ಪೊಲೀಸರೇ ಕಳೆದುಹಾಕಿದ್ದರು. ಅದನ್ನು ಓದಿದಾಗ ನನಗೆ ನಮ್ಮ ಗಾಜಿನ ಚೂರು ನೆನಪಾಯಿತು.

2022ರಲ್ಲಿ ದೇಶದಲ್ಲಿ 67,387 ಹಿಟ್ ಅಂಡ್ ರನ್ ಘಟನೆ ನಡೆದವು, 30,486 ಜನ ಸತ್ತರು ಅಂತ ಕೇಂದ್ರ ಸರ್ಕಾರದ್ದೇ ಲೆಕ್ಕ. ಕಾಲಮಿತಿ ತೆಗೆದದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ‘ಸಿ’ ರಿಪೋರ್ಟ್ ಆದ ಸಾವಿನ ಕೇಸುಗಳಲ್ಲಿ ಮುದ್ದೆಮಾಲು ನಾಶ ಮಾಡುವುದು ಮೊದಲು ನಿಲ್ಲಬೇಕು. ಒಂದು ಲಕೋಟೆಯಷ್ಟು ಗಾಜಿಗೆ ಎಷ್ಟು ಜಾಗ ಬೇಕು? ಮೊದಲ ವಾರದಲ್ಲೇ ದಾರಿಯುದ್ದದ ಕ್ಯಾಮೆರಾ ನಕಲು ತೆಗೆಯಬೇಕು. ಸುತ್ತಲಿನ ಗ್ಯಾರೇಜುಗಳಿಗೆ ಹೋಗಿ ಪುಸ್ತಕ ನೋಡಬೇಕು. ಗಾಡಿ ಒಂದು ತಿಂಗಳಲ್ಲಿ ಸಿಗದಿದ್ದರೆ ಪರಿಹಾರ ಯೋಜನೆಯ ಬಗ್ಗೆ ಪೊಲೀಸರೇ ಕುಟುಂಬಕ್ಕೆ ಬರವಣಿಗೆಯಲ್ಲಿ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಆದೇಶ ಮಾಡಿದೆ. ಅದೇ ಪತ್ರದಲ್ಲಿ ಮುಂದೆ ಯಾವತ್ತಾದರೂ ಹೆಸರು ಗೊತ್ತಾದರೆ ಬರೆದುಕೊಡಿ, ಕೇಸು ಮತ್ತೆ ತೆರೆಯಬಹುದು ಅಂತ ಒಂದು ಸಾಲು ಸೇರಿಸಿದರೆ ಎಷ್ಟು ಜನಕ್ಕೆ ದಾರಿ ಕಾಣುತ್ತದೆ.

ನಾನೂ ಒಂದು ತಪ್ಪು ಮಾಡಿದೆ. ಕಾಲಮಿತಿ ಉಳಿಸಿಕೊಳ್ಳುವುದರಲ್ಲೇ ಆರು ತಿಂಗಳು ಮುಳುಗಿದ್ದೆ. ಡ್ರೈವರ್ ಹೇಗೆ ಓಡಿಸುತ್ತಿದ್ದ ಅನ್ನುವುದಕ್ಕೆ ಸಾಕ್ಷಿ ಹುಡುಕಿ ಅಂತ ಗಟ್ಟಿಯಾಗಿ ಒತ್ತಾಯಿಸಲಿಲ್ಲ. ಆ ಬೆಳಿಗ್ಗೆ ಅದೇ ದಾರಿಯಲ್ಲಿ ಪೇಪರ್ ಹಾಕುವ ಹುಡುಗರು ಓಡಾಡುತ್ತಿದ್ದರಂತೆ, ವಿಚಾರಣೆ ಮುಗಿಯುವ ಹೊತ್ತಿಗೆ ಗೊತ್ತಾಯಿತು.

ಬಿಡುಗಡೆಯ ವಿರುದ್ಧ ಕುಟುಂಬದವರು ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಿದ್ದಾರೆ. ನೊಂದವರೇ ಮೇಲ್ಮನವಿ ಹಾಕುವ ಹಕ್ಕು ಸಿಆರ್‌ಪಿಸಿಯ 372ರಲ್ಲಿತ್ತು, ಹೊಸ ಸಂಹಿತೆಯ 413ರಲ್ಲೂ ಇದೆ. ಅದಕ್ಕೆ ಸಹಿ ಹಾಕಲು ಬಂದಾಗ ಆ ಅಮ್ಮ ಡ್ರೈವರ್ ಬಗ್ಗೆ ಏನೂ ಕೇಳಲಿಲ್ಲ. ಕ್ಯಾನು ಎಲ್ಲಿದೆ ಅಂತ ಕೇಳಿದರು. ಕೋರ್ಟಿನ ಮುದ್ದೆಮಾಲು ಕೋಣೆಯಲ್ಲಿದೆ ಅಂದೆ.

“ಅಲ್ಲಿ ಯಾರಾದ್ರೂ ತೊಳೆದುಬಿಟ್ರೆ ಸಾರ್?”

ಮೇಲ್ಮನವಿ ತೀರುವವರೆಗೆ ಆ ವಸ್ತುವನ್ನು ಇದ್ದ ಹಾಗೇ ಇಡಬೇಕು ಅಂತ ಆವತ್ತೇ ಇನ್ನೊಂದು ಅರ್ಜಿ ಟೈಪ್ ಮಾಡಿಸಿದೆ. ಅವರು ಅದನ್ನು ಎರಡು ಸಲ ಓದಿಸಿಕೊಂಡು ಸಹಿ ಹಾಕಿದರು.